ಕಲಸುವ ಕೈ

ಅಂದಾಜು ಎಂಬ ಮಾತು ಟೈಲರಮ್ಮನಿಗೆ ಆಗಿಬರುತ್ತಿರಲಿಲ್ಲ. ನಲವತ್ತು ವರ್ಷ ಬೀದಿಯವರ ಷರಟು, ಕೋಟು, ಶಾಲೆಯ ಸಮವಸ್ತ್ರ ಹೊಲಿದವಳು. “ಹೋದ ಸಲದ ಅಳತೆಗೇ ಹೊಲಿದುಬಿಡಿ” ಎಂದು ಯಾರಾದರೂ ಅಂದರೆ, “ಹೋದ ಸಲದಿಂದ ಊಟ ಬಿಟ್ಟಿದ್ದೀಯಾ?” ಎಂದು ಕೇಳಿ, ಕೊರಳಿನ ಟೇಪು ತೆಗೆದು, ನಿಲ್ಲಿಸಿಯೇ ಅಳೆಯುವಳು. ಅಂಥವಳು ಒಂದು ಬೆಳಿಗ್ಗೆ ಬಕೆಟ್ಟಿನಲ್ಲಿ ಅರ್ಧ ನೀರಿರಬಹುದು ಎಂದು ಅಂದಾಜು ಮಾಡಿ ಎತ್ತಿದಳು. ಬಕೆಟ್ಟು ತುಂಬಿತ್ತು. ಬೆನ್ನಿನೊಳಗೆ ಏನೋ ಲಟಕ್ ಎಂದಿತು, ಟೈಲರಮ್ಮ ಬಚ್ಚಲಿನ ಬಾಗಿಲಲ್ಲೇ ಕೂತುಬಿಟ್ಟಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಬೆನ್ನೆಲುಬಿನ ಉಳಿದ ಮೂಳೆಗಳು ಚೌಕವಾಗಿದ್ದವು. ಸೊಂಟದ ಮೇಲಿನದೊಂದು ಮಾತ್ರ ಮುಂಭಾಗ ಕುಸಿದು ಬೆಣೆಯ ಆಕಾರಕ್ಕೆ ಬಂದಿತ್ತು.

“ಮೂಳೆ ಒಳಗೆ ಟೊಳ್ಳಾಗಿದೆಯಮ್ಮ. ಬೆಲ್ಟು ಕಟ್ಟಿಕೊಂಡು ಮಲಗಿದ್ರೆ ನೋವು ನಿಧಾನಕ್ಕೆ ಹೋಗುತ್ತೆ, ಆದರೆ ಬೆನ್ನು ಬಾಗೇ ಇರುತ್ತೆ. ಇಲ್ಲಾಂದ್ರೆ ಸೂಜಿ ಹಾಕಿ ಮೂಳೆಯೊಳಗೆ ಸಿಮೆಂಟು ತುಂಬಬೇಕು.”

“ಸಿಮೆಂಟಾ?” ಎಂದು ಮುಂದೆ ಬಂದವನು ಅವಳ ಗಂಡ ಮೇಸ್ತ್ರಿ. ಗಾರೆ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಆ ಮಾತಿಗೆ ಅವನ ಕಿವಿ ನೆಟ್ಟಗಾಗುತ್ತಿತ್ತು. “ಒಂದಕ್ಕೆ ಎಷ್ಟು ಮರಳು, ಡಾಕ್ಟ್ರೇ?”

ಡಾಕ್ಟರಿಗೆ ನಗು ಬಂತು. ಇದಕ್ಕೆ ಮರಳಿಲ್ಲ ಎಂದರು. ಹಳೆಯ ಬಗೆಯದು ಕಲ್ಲಿನಷ್ಟು ಗಟ್ಟಿ, ಇವಳಿಗೆ ಹಾಕಿದರೆ ಪಕ್ಕದ ಮೂಳೆ ಒಡೆಯಬಹುದು. ಹೊಸದೊಂದು ಬಂದಿದೆ, ಬರುಬರುತ್ತಾ ಅದೇ ಮೂಳೆಯಾಗುತ್ತದೆ. ಇನ್ನು ಏಳು ವಾರಕ್ಕೆ, ಒಂದು ಗುರುವಾರ, ಇದೇ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಎಂಟು ಜನರಿಗೆ ಹಾಕಿ ನೋಡುತ್ತಾರೆ. “ಬಿದ್ದ ಎರಡು ತಿಂಗಳೊಳಗೆ ಹಾಕಿಬಿಡಬೇಕು. ಆಮೇಲೆ ಮೂಳೆ ಹೇಗಿದೆಯೋ ಹಾಗೇ ಕೂತುಬಿಡುತ್ತೆ. ಬಾಗಿದ್ದು ಬಾಗಿದ್ದೇ.”

ಆ ಹೊಸ ಸಿಮೆಂಟು ತಯಾರಾಗುತ್ತಿದ್ದದ್ದು ಟೈಲರಮ್ಮನ ಸೊಸೆ ಕೆಲಸ ಮಾಡುವ ಲ್ಯಾಬಿನಲ್ಲಿ. ಪುಡಿಗೆ ದ್ರವ ಹಾಕಿ ಕಲಸುವುದು, ಸಿರಿಂಜಿಗೆ ತುಂಬಿ ಒತ್ತುವುದು, ಎಷ್ಟು ಹೊತ್ತಿಗೆ ಗಟ್ಟಿಯಾಯಿತು ಎಂದು ಆಗಾಗ ಸೂಜಿ ಚುಚ್ಚಿ ನೋಡಿ ಬರೆದಿಡುವುದು, ಮೂರು ವರ್ಷದಿಂದ ಅವಳಿಗೆ ಇದೇ ಕೆಲಸ. ಆಸ್ಪತ್ರೆಯ ಫೈಲು ಕೌಂಟರಿನಲ್ಲಿದ್ದ ಮಗಳು ಅಂದೇ ಅಮ್ಮನ ಹೆಸರನ್ನು ಎಂಟರ ಪಟ್ಟಿಗೆ ಸೇರಿಸಿದಳು. “ನಮ್ಮ ಅತ್ತಿಗೆ ಕೈಯಿಂದ ಬಂದ ಸಿಮೆಂಟು ನಮ್ಮ ಅಮ್ಮನ ಬೆನ್ನಿಗೆ!” ಎಂದು ಕೌಂಟರಿನ ಆಚೆ ಈಚೆಯವರಿಗೆಲ್ಲ ಹೇಳಿದಳು.

ಸೊಸೆ ಹತ್ತು ದಿನ ರಜೆ ಹಾಕಿದಳು. ಮೈ ಒರೆಸಿದಳು, ಗಂಜಿ ಕುಡಿಸಿದಳು, ಮಗ್ಗುಲು ಬದಲಿಸಲು ಬೆನ್ನ ಹಿಂದೆ ದಿಂಬು ಕೊಟ್ಟಳು. ಟೈಲರಮ್ಮನಿಗೆ ಹುಡುಕಿದರೂ ತಪ್ಪು ಸಿಗಲಿಲ್ಲ. ತಪ್ಪು ಸಿಗದ ಜನರನ್ನು ಅವಳು ಅಷ್ಟಾಗಿ ನಂಬುತ್ತಿರಲಿಲ್ಲ, ಆದರೂ ಆ ಹತ್ತು ದಿನ ಮನಸ್ಸು ಸ್ವಲ್ಪ ಕರಗಿತ್ತು.

ಹನ್ನೊಂದನೆಯ ದಿನ ಸೊಸೆ ಲ್ಯಾಬಿಗೆ ಹೋದಳು. ಆ ವಾರದ ಕೊನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ, ಅತ್ತೆಯ ಮಂಚದ ಪಕ್ಕ ತಟ್ಟೆ ಇಡುತ್ತಾ ಹೇಳಿದಳು:

“ಅತ್ತೆ, ಆ ಸಿಮೆಂಟು ನಿಮಗೆ ಬೇಡ.”

“ಯಾಕೆ?”

“ಲ್ಯಾಬಿನವರ ಮನೆಯವರಿಗೆ ಹಾಕಬಾರದಂತೆ. ನಿಯಮ ಇದೆ.”

“ಹೋದ ವಾರ ಇರಲಿಲ್ವಾ ಈ ನಿಯಮ?”

“ನನಗೆ ಗೊತ್ತಿರಲಿಲ್ಲ.” ಹಾಗೆಂದವಳು ಉಪ್ಪು ತರುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಉಪ್ಪು ಮಂಚದ ಪಕ್ಕದಲ್ಲೇ ಇತ್ತು.

ಮರುದಿನ ಟೈಲರಮ್ಮ ಮಗಳಿಗೆ ಫೋನು ಮಾಡಿದಳು. ಮಗಳು ಎರಡು ದಿನ ವಿಚಾರಿಸಿ ತಿರುಗಿ ಫೋನು ಮಾಡಿದಳು. “ಅಂಥ ನಿಯಮ ಯಾವುದೂ ಇಲ್ಲಮ್ಮ. ಲ್ಯಾಬಿನ ಸಾಹೇಬರೇ ನಿನ್ನ ಹೆಸರು ನೋಡಿ ಖುಷಿಪಟ್ರಂತೆ. ಅತ್ತಿಗೆ ಯಾಕೆ ಸುಳ್ಳು ಹೇಳಿದ್ಲು?”

ಯಾಕೆ ಹೇಳಿದಳು? ಮಲಗಿದಲ್ಲೇ ಇರುವವರಿಗೆ ಯೋಚನೆಗೆ ಬೇಕಾದಷ್ಟು ಪುರಸೊತ್ತು. ಮುಂದಿನ ಕೋಣೆಯ ಮಂಚದಿಂದ ಅಡುಗೆಮನೆಯ ಅರ್ಧ ಕಾಣುತ್ತಿತ್ತು, ಉಳಿದರ್ಧ ಕೇಳುತ್ತಿತ್ತು. ಬೇಳೆಯ ಡಬ್ಬ ಮೇಲಿನ ಹಲಗೆಯಿಂದ ಕೆಳಕ್ಕೆ ಇಳಿದಿತ್ತು. ಊಟದ ಹೊತ್ತು ಒಂದು ಗಂಟೆ ಮುಂದಕ್ಕೆ ಹೋಗಿತ್ತು. ಹೊಲಿಗೆ ಮಿಷನ್ನನ್ನು ಮೂಲೆಗೆ ತಳ್ಳಿ, ಅದರ ಮೇಲೆ ಒಗೆದ ಬಟ್ಟೆಯ ರಾಶಿ ಹಾಕಿದ್ದರು. ತಾನು ನೆಟ್ಟಗೆ ಎದ್ದು ಓಡಾಡಿದರೆ ಇದೆಲ್ಲ ಮತ್ತೆ ಮೊದಲಿನ ಜಾಗಕ್ಕೆ ಹೋಗಬೇಕಾಗುತ್ತದೆ. ಯಾರಿಗೆ ಬೇಡ ಅದು? ಟೈಲರಮ್ಮ ಲೆಕ್ಕ ಹಾಕಿ ಹಾಕಿ ಒಂದು ತೀರ್ಮಾನಕ್ಕೆ ಬಂದಳು.

“ನಿನ್ನ ಹೆಂಡತಿಗೆ ನಾನು ಹೀಗೇ ಬಿದ್ದಿರಬೇಕು,” ಎಂದಳು ಮಗನಿಗೆ.

ಮಗ ಲಿಫ್ಟು ರಿಪೇರಿಯವನು. ದಿನವಿಡೀ ಮೇಲೆ ಕೆಳಗೆ ಹೋಗಿ ಬರುವವನಿಗೆ ಮನೆಯಲ್ಲಿ ಯಾವ ಮಹಡಿಯಲ್ಲಿ ನಿಲ್ಲಬೇಕೆಂದು ತಿಳಿಯುತ್ತಿರಲಿಲ್ಲ. “ಅಮ್ಮ, ಹತ್ತು ದಿನ ನಿನ್ನ ಮೈ ಒರೆಸಿದ್ದಾಳೆ.”

“ಅದೇ ನಾನೂ ಹೇಳೋದು. ಅಷ್ಟು ಮಾಡಿದವಳು ಈಗ ವಾಸಿಯಾಗೋ ದಾರಿ ಬಂದಾಗ ಯಾಕೆ ಅಡ್ಡ ನಿಲ್ತಾಳೆ? ಕೇಳು ಅವಳನ್ನ.”

“ಕೇಳಿದೆ. ‘ಬೇಡ ಅಂದ್ರೆ ಬೇಡ’ ಅಂದ್ಲು. ನನಗೆ ಊಟ ಮಾಡೋಕೆ ಬಿಡಮ್ಮ.”

ಮೂರನೆಯ ವಾರ ಸೊಸೆಯ ಬಿಳಿ ಕೋಟಿನ ಗುಂಡಿ ಕಿತ್ತುಬಂತು. ಮಲಗಿದ್ದರೂ ಸೂಜಿ ಹಿಡಿಯಬಲ್ಲೆ ಎಂದು ಟೈಲರಮ್ಮ ಕೋಟನ್ನು ಕೇಳಿ ಪಡೆದಳು. ಗುಂಡಿ ಹಾಕುವ ಮೊದಲು ಜೇಬಿಗೆ ಕೈ ಹಾಕುವುದು ಅವಳ ಹಳೆಯ ಅಭ್ಯಾಸ; ಗಿರಾಕಿಗಳ ಜೇಬಿನಲ್ಲಿ ಅವಳು ಏನೇನೋ ಕಂಡಿದ್ದಾಳೆ. ಈ ಜೇಬಿನಲ್ಲಿ ಎರಡು ಬಿಳಿಯ ತುಂಡುಗಳಿದ್ದವು, ಬೆರಳಿನ ತುದಿಯಷ್ಟು. ಒಂದರ ಮೇಲೆ ಸೂಜಿ ಚುಚ್ಚಿದ ಸಾಲು ಗುರುತು, ಬರುಬರುತ್ತಾ ಸಣ್ಣದಾಗಿ ಕೊನೆಯಲ್ಲಿ ಮಾಯವಾಗಿತ್ತು. ಅದು ಉಗುರಿಗೆ ಜಗ್ಗಲಿಲ್ಲ. ಇನ್ನೊಂದನ್ನು ಒತ್ತಿದರೆ ಒದ್ದೆ ಸೀಮೆಸುಣ್ಣದ ಹಾಗೆ ಪುಡಿಯಾಗಿ ಹಾಸಿಗೆಯ ಮೇಲೆ ಉದುರಿತು.

ಸೊಸೆ ಬಂದಾಗ ಟೈಲರಮ್ಮ ಅಂಗೈ ಚಾಚಿದಳು. “ಇದೇನು?”

“ಹಳೇ ತುಂಡುಗಳು ಅತ್ತೆ.”

“ಒಂದು ಗಟ್ಟಿ, ಒಂದು ಪುಡಿ. ಎರಡೂ ನೀನೇ ಮಾಡಿದ್ದಾ?”

“ಗುಂಡಿ ಹಾಕಾಯ್ತಾ?” ಎಂದು ಸೊಸೆ ಕೋಟು ತೆಗೆದುಕೊಂಡು ಹೋದಳು. ಟೈಲರಮ್ಮ ಗಟ್ಟಿ ತುಂಡನ್ನು ಸೂಜಿ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದಳು.

ಇಷ್ಟೇ ಆಗಿದ್ದರೆ ಸೊಸೆಯೊಬ್ಬಳ ಮೇಲಿನ ಅನುಮಾನವಾಗಿ ಉಳಿಯುತ್ತಿತ್ತು. ಆದರೆ ಐದನೆಯ ವಾರದಲ್ಲಿ ಗಂಡನೂ ಅದರೊಳಗೆ ಬಿದ್ದ. ಮಧ್ಯಾಹ್ನ ಚಹಾ ತಂದುಕೊಟ್ಟ ಮೇಸ್ತ್ರಿಯ ಉಗುರಿನ ಸಂದಿಯಲ್ಲಿ ಬಿಳಿ ಅಂಟಿತ್ತು. ಮೂವತ್ತೈದು ವರ್ಷ ಆ ಉಗುರು ನೋಡಿದವಳಿಗೆ ಅದನ್ನು ಗುರುತು ಹಿಡಿಯಲು ಕನ್ನಡಕ ಬೇಕಿರಲಿಲ್ಲ.

“ಏನ್ರೀ, ಕರಣೆ ಹಿಡಿದ್ರಾ?”

“ಹಿಂದಿನ ಕೋಣೆ ಗೋಡೆ ಬಿರುಕು ಬಿಟ್ಟಿತ್ತು, ಮೆತ್ತಿದೆ.”

“ಎಲ್ಲಿ?”

“ಅಲ್ಲೇ... ಕಿಟಕಿ ಕೆಳಗೆ.”

ಸಂಜೆ ಮಗ ಬಂದ ಕೂಡಲೇ ಅವನನ್ನು ಹಿಂದಿನ ಕೋಣೆಗೆ ಕಳಿಸಿದಳು. ಅವನು ಟಾರ್ಚು ಬಿಟ್ಟು ನೋಡಿ ಬಂದು, “ಬಿರುಕೂ ಇಲ್ಲ, ಮೆತ್ತಿದ್ದೂ ಇಲ್ಲ,” ಎಂದ. ಆಮೇಲೆ ತಾನು ಏನು ಮಾಡಿದೆ ಎಂದು ಹೊಳೆದು, “ನನಗೆ ಸರಿಯಾಗಿ ಕಾಣಲಿಲ್ಲವೇನೋ,” ಎಂದು ಸೇರಿಸಿದ. ಸೊಸೆಯ ಸುಳ್ಳು ಸಿಟ್ಟು ತಂದಿತ್ತು, ಗಂಡನ ಸುಳ್ಳು ಹೊಟ್ಟೆಗೇ ಹೋಗಿ ಕೂತಿತು. ಅಂದು ಅವಳು ಗಂಜಿ ಮುಟ್ಟಲಿಲ್ಲ.

ಅಲ್ಲಿಂದ ಅವಳ ಕಿವಿ ಹಿತ್ತಲಿನಲ್ಲೇ. ಭಾನುವಾರಗಳಂದು ಊಟವಾದ ಮೇಲೆ, ಅವಳಿಗೆ ಜೋಂಪು ಹತ್ತಿತು ಎಂದುಕೊಂಡು, ಮಾವ ಸೊಸೆ ಬಟ್ಟೆ ಒಗೆಯುವ ಕಲ್ಲಿನ ಕಡೆ ಹೋಗುತ್ತಿದ್ದರು. ಬಟ್ಟಲಿನ ಸದ್ದು, ಕಡ್ಡಿ ಕೆರೆಯುವ ಸದ್ದು, ಮೇಸ್ತ್ರಿಯ ಪಿಸುದನಿ: “ಮತ್ತೆ ಮಾಡು. ನಿಧಾನಕ್ಕೆ ಮಾಡು.” ಕೊನೆಯಲ್ಲಿ ನೀರು ಸುರಿದು ತೊಳೆಯುವ ಸದ್ದು.

ಗುರುವಾರಕ್ಕೆ ನಾಲ್ಕು ದಿನ ಉಳಿದಿದ್ದ ಭಾನುವಾರ ಮಗಳು ಊಟಕ್ಕೆ ಬಂದಳು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಎರಡು ತುತ್ತು ಒಳಗೆ ಹೋಗುವುದರೊಳಗೆ ಚೀಲದಿಂದ ಒಪ್ಪಿಗೆಯ ಕಾಗದ ತೆಗೆದಳು.

“ಅಣ್ಣ, ಮನೆಯವರ ಕಡೆಯಿಂದ ನೀನು ಸಹಿ ಮಾಡು. ನಾಳೆ ಕೊನೇ ದಿನ.”

“ಮಾಡಬೇಡಿ,” ಎಂದಳು ಸೊಸೆ.

ಮಗನ ಕೈ ಮೊಟ್ಟೆಯ ಮೇಲೆ ನಿಂತಿತು.

ಮಗಳು ತಟ್ಟೆ ಸರಿಸಿದಳು. “ಅತ್ತಿಗೆ, ಒಂದು ಮಾತು ಹೇಳಿ. ನಿಮ್ಮ ಸಿಮೆಂಟು ಸರಿ ಇದೆಯೋ ಇಲ್ವೋ? ಸರಿ ಇದ್ರೆ ಅಮ್ಮನಿಗೆ ಯಾಕೆ ಬೇಡ? ಸರಿ ಇಲ್ಲ ಅಂದ್ರೆ ಊರವರಿಗೆ ಯಾಕೆ?”

“ಸರಿ ಇದೆ.”

“ಹಾಗಿದ್ರೆ?”

“ನನಗೆ... ಸರಿ ಇದೆ.”

“ಇದೇನು ಮಾತು! ನಿಮಗೆ ಸರಿ ಇದ್ರೆ ಎಲ್ಲರಿಗೂ ಸರಿ ಇರಬೇಕಲ್ಲ.”

“ಬಿಡಮ್ಮ ಅವಳನ್ನ,” ಎಂದ ಮೇಸ್ತ್ರಿ.

“ನೀವು ಸುಮ್ಮನಿರಿ,” ಎಂದಳು ಟೈಲರಮ್ಮ ಮಂಚದಿಂದ. “ಇಲ್ಲದ ಬಿರುಕಿಗೆ ಮೆತ್ತೋರು ನೀವು.”

ಊಟ ಅಲ್ಲಿಗೇ ಮುಗಿಯಿತು. ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯೂ ಎದ್ದ. ಹಿತ್ತಲ ಬಾಗಿಲು ಕಿರ್ ಎಂದಿತು.

“ಎತ್ತು ನನ್ನನ್ನ,” ಎಂದಳು ಟೈಲರಮ್ಮ ಮಗಳಿಗೆ.

“ಅಮ್ಮ, ನೀನು ಬಚ್ಚಲಿಗೆ ಹೋಗೋದೇ ಕಷ್ಟ.”

“ಹಿತ್ತಲು ಬಚ್ಚಲಿನ ಪಕ್ಕಾನೇ ಇದೆ. ಎತ್ತು.”

ಬೆಲ್ಟು ಬಿಗಿದು, ವಾಕರ್ ಹಿಡಿದು, ಒಂದೊಂದೇ ಹೆಜ್ಜೆ. ಬೆನ್ನಿನಲ್ಲಿ ಕಾದ ಕಬ್ಬಿಣ ಇಟ್ಟಂತಾಗುತ್ತಿತ್ತು, ಆದರೆ ಸಿಟ್ಟಿಗೆ ಅದರ ಪರಿವೆಯಿರಲಿಲ್ಲ. ಮಗಳು ಬಾಗಿಲು ತಳ್ಳಿದಳು. ಒಗೆಯುವ ಕಲ್ಲಿನ ಮೇಲೆ ಬಟ್ಟಲು, ಕಡ್ಡಿ, ಸಣ್ಣ ಸೀಸೆಗಳು, ಸಿರಿಂಜು, ಪೊಟ್ಟಣಗಳ ಪೆಟ್ಟಿಗೆ. ಸೊಸೆ ಕಲಸುತ್ತಿದ್ದಳು. ಮೇಸ್ತ್ರಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದ.

“ನನಗೆ ತಿಳಿಯದ ಹಾಗೆ ನನ್ನ ಮನೇಲಿ ಏನು ಕಲಸ್ತಿದ್ದೀರಿ?”

ಸೊಸೆ ಬಟ್ಟಲನ್ನು ಕಲ್ಲಿನ ಮೇಲೆ ಇಟ್ಟಳು. ಮೇಸ್ತ್ರಿ ಎದ್ದು ಹೆಂಡತಿಗೆ ಕೂರಲು ಸ್ಟೂಲು ಎಳೆದ.

“ಕೂತ್ಕೊಳ್ಳೇ ಮೊದಲು. ಅವಳ ತಪ್ಪಿಲ್ಲ. ಅವಳ ಕೈಯ ತಪ್ಪು.”

ಆಮೇಲೆ ಸೊಸೆ ಹೇಳಿದಳು, ನೆಲ ನೋಡಿಕೊಂಡೇ. ಅವಳು ರಜೆ ಹಾಕಿದ್ದ ಹತ್ತು ದಿನ ಲ್ಯಾಬಿನಲ್ಲಿ ಹೊಸದಾಗಿ ಸೇರಿದವಳೊಬ್ಬಳು ಕಲಸಿದ್ದಳು. ಹದಿನಾಲ್ಕು ಸಲದಲ್ಲಿ ಒಂಬತ್ತು ಸಲ ಸಿಮೆಂಟು ಸಿರಿಂಜಿನಲ್ಲೇ ಕಟ್ಟಿಕೊಂಡಿತು. ಹೊರಗೆ ಬಂದದ್ದರಲ್ಲೂ ಕೆಲವು ಗಟ್ಟಿಯಾಗದೆ ಪುಡಿಯಾದವು. ಸಾಹೇಬರು “ಆ ಹುಡುಗಿಗೆ ಕೈ ಬಾರದು” ಎಂದು ಆ ಹಾಳೆಯನ್ನೇ ಫೈಲಿನಿಂದ ತೆಗೆದಿಟ್ಟರು. ಸೊಸೆ ಹಿಂದಿರುಗಿ ಕಲಸಿದಾಗ ಎಲ್ಲವೂ ಮೊದಲಿನಂತೆ ಸಲೀಸು. “ಮೂರು ವರ್ಷ ಎಲ್ಲಾನೂ ನಾನೊಬ್ಬಳೇ ಕಲಸಿದ್ದು ಅತ್ತೆ. ಸಿಮೆಂಟು ಚೆನ್ನಾಗಿದೆಯೋ, ನನ್ನ ಕೈ ಚೆನ್ನಾಗಿದೆಯೋ, ಯಾರಿಗೂ ಗೊತ್ತಿಲ್ಲ. ಅದಕ್ಕೇ ತಾರೀಕು ಮೀರಿದ ಪೊಟ್ಟಣ ತಂದು, ನನ್ನ ಕೈ ಏನು ಮಾಡುತ್ತೆ ನೋಡಿ ಅಂತ ಮಾವನ್ನ ಕೇಳಿದೆ.”

“ಏನು ಮಾಡುತ್ತೆ?”

“ಗೋಡೆಗೆ ಮೆತ್ತೋ ಗಿಲಾವು ಕಲಸೋ ಹಾಗೆ ಕಲಸುತ್ತೆ,” ಎಂದ ಮೇಸ್ತ್ರಿ. ಅವನ ದನಿಯಲ್ಲಿ ಹೆಮ್ಮೆಯೂ ಇತ್ತು, ನಾಚಿಕೆಯೂ ಇತ್ತು. “ಪುಡಿ ಎಲ್ಲಾ ಒಟ್ಟಿಗೆ ಸುರಿಯಲ್ಲ. ಮುಕ್ಕಾಲು ಹಾಕಿ, ನೆನೆಯೋಕೆ ಬಿಟ್ಟು, ಆಮೇಲೆ ಉಳಿದದ್ದು. ಕಡ್ಡೀನ ತಿರುಗಿಸಲ್ಲ, ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಎಳೀತಾಳೆ, ಒಂದು ಗಂಟೂ ಉಳಿಯಲ್ಲ. ಇವಳು ಮನೆಗೆ ಬಂದ ವರ್ಷ ಹಿಂದಿನ ಕೋಣೆ ಕಟ್ಟಿದೆವಲ್ಲ, ಆಗ ಬಾಂಡಲಿಯಲ್ಲಿ ಕಲಸೋಕೆ ನಾನೇ ಹೇಳಿಕೊಟ್ಟೆ. ಅದೇ ಕೈ ತಗೊಂಡು ಲ್ಯಾಬಿಗೆ ಹೋಗಿದ್ದಾಳೆ.”

“ನನಗೇ ಗೊತ್ತಿರಲಿಲ್ಲ,” ಎಂದಳು ಸೊಸೆ.

ಟೈಲರಮ್ಮ ಇಬ್ಬರನ್ನೂ ನೋಡಿದಳು. ಕಥೆ ತೀರಾ ಚೆನ್ನಾಗಿ ಹೊಂದಿಕೊಳ್ಳುತ್ತಿತ್ತು, ಅಂಥವನ್ನು ಅವಳು ನಂಬುವವಳಲ್ಲ. “ಆಸ್ಪತ್ರೆಗೆ ಕೊಡೋ ಕಾಗದದಲ್ಲಿ ಏನು ಬರೆದಿದ್ದೀರಿ?”

ಸೊಸೆ ಪೆಟ್ಟಿಗೆಯಿಂದ ಹಾಳೆ ತೆಗೆದುಕೊಟ್ಟಳು. ಮೂರೇ ಸಾಲು: ಪುಡಿಯನ್ನೂ ದ್ರವವನ್ನೂ ಬಟ್ಟಲಿಗೆ ಹಾಕಿ. ಒಂದು ನಿಮಿಷ ಕಲಸಿ. ಸಿರಿಂಜಿಗೆ ತುಂಬಿ ಒತ್ತಿ.

“ಕೊಡು ಇಲ್ಲಿ ಬಟ್ಟಲು.”

“ಅಮ್ಮ!” ಎಂದಳು ಮಗಳು.

“ನನಗೆ ಗಾರೆಯೂ ಗೊತ್ತಿಲ್ಲ, ಲ್ಯಾಬೂ ಗೊತ್ತಿಲ್ಲ. ಓದೋಕೆ ಬರುತ್ತೆ. ಡಾಕ್ಟರಿಗೂ ಇಷ್ಟೇ ತಾನೇ ಗೊತ್ತಿರೋದು?”

ಅವಳು ಹಾಳೆಯಲ್ಲಿದ್ದಂತೆ ಮಾಡಿದಳು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮಗಳು ಗಡಿಯಾರ ನೋಡಿದಳು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಸಿರಿಂಜಿಗೆ ತುಂಬಿ ಒತ್ತಿದಳು. ಮೊದಲು ಸ್ವಲ್ಪ ಬಂತು. ಆಮೇಲೆ ಬರೀ ನೀರು ತೊಟ್ಟಿಕ್ಕಿತು. ಆಮೇಲೆ ಅದೂ ನಿಂತಿತು. ಹೆಬ್ಬೆರಳು ಬಿಳಿಚುವಷ್ಟು ಒತ್ತಿದರೂ ಒಳಗಿನ ಮುದ್ದೆ ಕದಲಲಿಲ್ಲ.

“ತಾರೀಕು ಮೀರಿದ್ದಲ್ವಾ, ಅದಕ್ಕೇ ಇರಬೇಕು,” ಎಂದಳು, ಸೋಲೊಪ್ಪದೆ.

ಸೊಸೆ ಅದೇ ಪೆಟ್ಟಿಗೆಯ ಇನ್ನೊಂದು ಪೊಟ್ಟಣ ಒಡೆದು ಕಲಸಿದಳು. ಮುಕ್ಕಾಲು, ತಡೆ, ಉಳಿದದ್ದು, ಗೋಡೆಗೆ ಒತ್ತಿ ಎಳೆತ. ಸಿರಿಂಜಿನ ತುದಿಯಿಂದ ಬಿಳಿಯ ಎಳೆ ಒಗೆಯುವ ಕಲ್ಲಿನ ಮೇಲೆ ಕೊನೆಯವರೆಗೂ ಇಳಿಯಿತು.

ಟೈಲರಮ್ಮ ತನ್ನ ಕೈಯ ಸಿರಿಂಜನ್ನೂ ಕಲ್ಲಿನ ಮೇಲಿನ ಎಳೆಯನ್ನೂ ನೋಡಿದಳು. ಈ ಕಟ್ಟಿಕೊಂಡದ್ದು ಗುರುವಾರ ತನ್ನ ಬೆನ್ನೊಳಗೆ ಸೂಜಿಯ ಜೊತೆ ಸಿಕ್ಕಿಕೊಳ್ಳಬೇಕಿತ್ತು ಎಂದು ಅವಳಿಗೆ ಅರ್ಥವಾಯಿತು. ಐದು ವಾರ ಬೈದುಕೊಂಡವಳ ಮುಖ ನೋಡಲು ಅವಳಿಗೆ ಆಗಲಿಲ್ಲ. ಆದರೆ ಅವಳ ಅನುಮಾನಕ್ಕೆ ಅಷ್ಟರಲ್ಲೇ ಇನ್ನೊಂದು ದಾರಿ ಕಂಡಿತ್ತು.

“ನನಗೆ ಬೇಡ ಅಂದೆ. ಸರಿ. ಉಳಿದ ಏಳು ಜನ? ಬೇಡ ಅನ್ನೋಕೆ ಅವರ ಮನೇಲಿ ಸೊಸೆ ಇದ್ದಾಳಾ?”

ಸೊಸೆ ಅತ್ತುಬಿಟ್ಟಳು. ಸಾಹೇಬರಿಗೆ ಹೇಳಲು ಮೂರು ಸಲ ಬಾಗಿಲವರೆಗೆ ಹೋಗಿ ಬಂದಿದ್ದಳಂತೆ. ಮೂರು ವರ್ಷದ ಕೆಲಸವೆಲ್ಲ ನನ್ನ ಕೈಯಿಂದ ಕೆಟ್ಟಿದೆ ಎಂದು ಹೇಳುವುದು ಹೇಗೆ? “ಹೇಳಿದ್ರೆ ಗುರುವಾರ ನಿಂತುಹೋಗುತ್ತೆ ಅತ್ತೆ. ಎಲ್ಲಾ ಮೊದಲಿಂದ ಆಗಬೇಕು, ವರ್ಷ ಬೇಕು.”

“ನಾಳೆ ಹೋಗಿ ಹೇಳು,” ಎಂದಳು ಟೈಲರಮ್ಮ. ಎರಡು ತಿಂಗಳ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು, ಅದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ.

ಸೋಮವಾರ ಸಂಜೆ ಸೊಸೆ ಬಂದು, ಚಪ್ಪಲಿ ಬಿಟ್ಟು, ನೇರವಾಗಿ ಮಂಚದ ತುದಿಯಲ್ಲಿ ಕೂತಳು. ಅವಳ ಮುಖ ವಿಚಿತ್ರವಾಗಿತ್ತು. ಗಂಡ, ಮಾವ ಇಬ್ಬರೂ ಬಾಗಿಲಲ್ಲಿ ನಿಂತರು.

“ಸಾಹೇಬರು ಬೈಯಲಿಲ್ಲ. ‘ಹೌದಾ? ಹಾಗಿದ್ರೆ ಗುರುವಾರ ನೀನೇ ಆಪರೇಷನ್ ಕೋಣೆಗೆ ಬಂದು ಎಂಟಕ್ಕೂ ಕಲಸಿಬಿಡು, ನಾನು ಅನುಮತಿ ಕೊಡಿಸ್ತೀನಿ’ ಅಂದ್ರು.”

“ಅಯ್ಯೋ, ಇಷ್ಟೇನಾ?” ಮಗನ ಮುಖ ಅರಳಿತು. “ಮುಗೀತಲ್ಲ! ನೀನು ಕಲಸಿದ್ರೆ ಕೆಡೋದಿಲ್ಲ. ಅಮ್ಮನಿಗೂ ಆಗುತ್ತೆ, ಏಳು ಜನಕ್ಕೂ ಆಗುತ್ತೆ.”

ಮೇಸ್ತ್ರಿ ಹೆಂಡತಿಯನ್ನು ನೋಡಿದ.

“ನೀವು ಹೇಳಿ ಅತ್ತೆ,” ಎಂದಳು ಸೊಸೆ. “ನಿಮ್ಮ ಬೆನ್ನು. ನೀವು ಹ್ಞೂಂ ಅಂದ್ರೆ ಹೋಗಿ ಕಲಸ್ತೀನಿ.”

ಆ ಸಂಜೆ ಗಂಜಿ ಆರಿ ಕೆನೆಗಟ್ಟಿತು. ಟೈಲರಮ್ಮನಿಗೆ ಆಸೆಯಾಗಿತ್ತು, ಬಹಳ ಆಸೆಯಾಗಿತ್ತು. ನೆಟ್ಟಗೆ ನಿಂತು ಮೇಲಿನ ಹಲಗೆಯ ಡಬ್ಬ ತೆಗೆಯುವ ಆಸೆ, ಎದುರಿಗೆ ನಿಂತವರ ಭುಜದಿಂದ ಟೇಪು ಇಳಿಬಿಡುವ ಆಸೆ. ಸೊಸೆ ಕಲಸಿದ ಎಳೆ ಕಲ್ಲಿನ ಮೇಲೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದಳು. ಹ್ಞೂಂ ಅನ್ನಲು ಎಷ್ಟು ಹೊತ್ತು?

ಬೆಳಿಗ್ಗೆ ಸೊಸೆ ಚಹಾ ತಂದಾಗ ಟೈಲರಮ್ಮ ಲೋಟ ಹಿಡಿದುಕೊಂಡು ಕೇಳಿದಳು:

“ಎಂಟು ಜನಕ್ಕೂ ಸರಿ ಹೋದ್ರೆ ಸಾಹೇಬರು ಏನು ಬರೀತಾರೆ? ಸಿಮೆಂಟು ಚೆನ್ನಾಗಿದೆ ಅಂತಾನೋ, ಸೊಸೆ ಕೈ ಚೆನ್ನಾಗಿದೆ ಅಂತಾನೋ?”

“ಸಿಮೆಂಟು ಅಂತ.”

“ಆಮೇಲೆ ಅದು ಎಲ್ಲಾ ಆಸ್ಪತ್ರೆಗೂ ಹೋಗುತ್ತೆ.”

“ಹ್ಞೂಂ.”

“ಒಂಬತ್ತನೆಯವರಿಗೆ ಯಾರು ಕಲಸ್ತಾರೆ?”

ಸೊಸೆ ಮಂಚದ ಅಂಚಿನಲ್ಲಿ ಕೂತಳು.

“ಅಳತೆಗೆ ಕೂರದ ಕೋಟಿಗೆ ಬೆನ್ನ ಹಿಂದೆ ಪಿನ್ನು ಚುಚ್ಚಿ ಗಿರಾಕೀನ ಕನ್ನಡಿ ಮುಂದೆ ನಿಲ್ಲಿಸೋರಿದ್ದಾರೆ. ನಾನು ಆ ಕೆಲಸ ಯಾವತ್ತೂ ಮಾಡಿಲ್ಲ. ನನ್ನ ಬೆನ್ನ ಹಿಂದೆ ನೀನು ಪಿನ್ನು ಚುಚ್ಚಬೇಡ.” ಟೈಲರಮ್ಮ ಲೋಟವನ್ನು ಕೆಳಗಿಟ್ಟಳು. “ಹೋಗು, ಬೇಡ ಅನ್ನು. ಬಾಯಲ್ಲಿ ಹೇಳಬೇಡ, ಬರೆದುಕೊಡು. ಆಸ್ಪತ್ರೆಗೂ ಒಂದು ಪ್ರತಿ ಕಳಿಸು. ಆ ಮನುಷ್ಯನ ಮೇಲೆ ನನಗೆ ನಂಬಿಕೆ ಇಲ್ಲ. ತೆಗೆದಿಟ್ಟ ಹಾಳೆಯ ವಿಷಯಾನೂ ಬರಿ.”

ಸೊಸೆ ಹೋದ ಮೇಲೆ ಟೈಲರಮ್ಮ ಗೋಡೆಯ ಕಡೆ ತಿರುಗಿ ಅತ್ತಳು. ಮೇಸ್ತ್ರಿ ಪಕ್ಕದಲ್ಲಿ ಕೂತು ಹೊದಿಕೆಯನ್ನು ಸರಿಮಾಡುತ್ತಲೇ ಇದ್ದ.

ಬುಧವಾರ ಆಸ್ಪತ್ರೆಯಿಂದ ಫೋನು ಬಂತು. ಗುರುವಾರದ ಕಾರ್ಯಕ್ರಮ ಮುಂದಕ್ಕೆ ಹೋಗಿದೆ, ಯಾವಾಗ ಎಂದು ತಿಳಿಸುತ್ತೇವೆ ಎಂದರು. ಯಾಕೆ ಎಂದು ಹೇಳಲಿಲ್ಲ. ಟೈಲರಮ್ಮ ಕೇಳಲೂ ಇಲ್ಲ. ಮಗಳು ಮಾತ್ರ ಅಮ್ಮನಿಗೆ ಸಿಕ್ಕ ಅವಕಾಶ ತಪ್ಪಿತೆಂಬ ಸಿಟ್ಟಿಗೆ ಮೂರು ಭಾನುವಾರ ಊಟಕ್ಕೆ ಬರಲಿಲ್ಲ. ಸೊಸೆಯನ್ನು ಕಲಸುವ ಮೇಜಿನಿಂದ ತೆಗೆದು ಸೀಸೆ ತೊಳೆಯಲು, ಚೀಟಿ ಅಂಟಿಸಲು ಹಾಕಿದರು. ಕಲಸುವ ಕೆಲಸಕ್ಕೆ ಗಾರೆ ಮುಟ್ಟದ ನಾಲ್ಕು ಹೊಸ ಕೈಗಳು ಬಂದವಂತೆ, ಮೂರು ಸಾಲಿನ ಹಾಳೆ ಈಗ ಎರಡು ಪುಟವಾಗಿದೆಯಂತೆ.

ಎರಡು ತಿಂಗಳು ದಾಟಿತು. ನೋವು ಡಾಕ್ಟರು ಹೇಳಿದಂತೆಯೇ ನಿಧಾನಕ್ಕೆ ಇಳಿಯಿತು, ಬೆನ್ನು ಡಾಕ್ಟರು ಹೇಳಿದಂತೆಯೇ ಬಾಗಿ ಕೂತಿತು. ಬೆಲ್ಟು ಬಿಚ್ಚಿದ ದಿನ ಟೈಲರಮ್ಮ ಮಿಷನ್ನಿನ ಮೇಲಿನ ಬಟ್ಟೆ ರಾಶಿಯನ್ನು ತಾನೇ ತೆಗೆದು ಮಂಚಕ್ಕೆ ಎಸೆದಳು. ತನ್ನ ಅಂಗಿಗಳು ಒಂದೂ ಈಗ ಮೈಗೆ ಹೊಂದುತ್ತಿರಲಿಲ್ಲ. ಹಿಂದೆ ಮೇಲಕ್ಕೆ ಏರುತ್ತಿದ್ದವು, ಮುಂದೆ ಜೋಲುತ್ತಿದ್ದವು. ಅಳತೆ ಪುಸ್ತಕ ತೆಗೆದು, ಬೀದಿಯ ಜನರೆಲ್ಲರ ನಡುವೆ ತನ್ನ ಪುಟ ಹುಡುಕಿ, ಸೊಸೆಯನ್ನು ಕೂಗಿದಳು.

“ಟೇಪು ಹಿಡಿ. ಕತ್ತಿನ ಕೆಳಗಿನ ಮೂಳೆಯಿಂದ ಸೊಂಟದವರೆಗೆ.”

ಸೊಸೆ ಹಿಂದೆ ನಿಂತು ಟೇಪನ್ನು ಬೆನ್ನಿನ ಗೂನಿನ ಮೇಲಿಂದ ಇಳಿಸಿದಳು.

“ಹದಿನೇಳು.”

“ಮೊದಲು ಹದಿನಾರಿತ್ತು. ಒಂದೇ ಇಂಚಾ? ಇನ್ನೊಂದು ಸಲ ತಗೋ.”

“ಸರಿಯಾಗೇ ತಗೊಂಡೆ ಅತ್ತೆ.”

“ನಿನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ. ಕೇಳದಿದ್ದ ಕಡೆ ಉಪಕಾರ ಮಾಡೋ ಕೈ ಅದು. ಟೇಪು ಏನು ಹೇಳುತ್ತೋ ಅದನ್ನ ಹೇಳು.”

ಸೊಸೆ ಮತ್ತೆ ಇಳಿಸಿದಳು, ಈ ಸಲ ಬಟ್ಟೆಗೆ ತಾಗಿಸಿ, ಎಲ್ಲೂ ಎಳೆಯದೆ.

“ಹದಿನೇಳು ಮುಕ್ಕಾಲು,” ಎಂದಳು. ಹಿಂದಿನಿಂದ ಮೂಗು ಸೆಳೆದ ಸದ್ದು ಕೇಳಿತು.

ಟೈಲರಮ್ಮ ಹಳೆಯ ಹದಿನಾರಕ್ಕೆ ಗೀಟು ಹಾಕಿ, ಪಕ್ಕದಲ್ಲಿ ಹೊಸದನ್ನು ದುಂಡಗೆ ಬರೆದಳು.

“ಅಳಬೇಡ, ಟೇಪು ಅಲುಗುತ್ತೆ. ಈಗ ಮುಂಭಾಗ ತಗೋ.”